ರೊಟ್ಟಿ ಉಬ್ಬುವುದರೊಳಗೆ

ನಮ್ಮ ಹಾಲಮ್ಮತ್ತೆ ಹಳೆಯ ಪೇಪರಿನ ಮೇಲೆ ಮಲಗುತ್ತಿದ್ದಳು. ಬಡತನವೇನಲ್ಲ. ಹೊನ್ನಾಳಿಯ ಆ ಮನೆಯಲ್ಲಿ ಮಂಚವಿತ್ತು, ಹತ್ತಿಯ ಹಾಸಿಗೆಯೂ ಇತ್ತು. ಹಾಸಿಗೆಯ ಅಡಿಗೆ ಮಾತ್ರ ನಾಲ್ಕು ಬೆರಳು ದಪ್ಪಕ್ಕೆ ಪೇಪರಿನ ಹಾಳೆಗಳು. ಅಂಗಡಿಯಿಂದ ಬೇಳೆ, ಬೆಲ್ಲ, ಮೆಣಸು ಕಟ್ಟಿಸಿಕೊಂಡು ಬಂದ ಪೊಟ್ಟಣಗಳನ್ನು ಬೇರೆಯವರು ಹರಿದು ಒಲೆಗೆ ಹಾಕುತ್ತಿದ್ದರು. ಅತ್ತೆ ದಾರ ಬಿಚ್ಚಿ, ಹಾಳೆ ಕೊಡವಿ, ಅಂಗೈಯಲ್ಲಿ ತೀಡಿ ಹಾಸಿಗೆಯ ಕೆಳಗೆ ಸೇರಿಸುತ್ತಿದ್ದಳು. ಅವಳ ಭಾರಕ್ಕೆ ಇಸ್ತ್ರಿಯಾದ ಹಾಳೆ ಮಾರನೆಯ ದಿನ ಹೊರಗೆ ಬರುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅದರ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿ, ಸಂಜೆಗೊಂದು ಪ್ರಶ್ನೆ ತಯಾರು ಮಾಡುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿದ್ದರು. ಬಿಡಿಸಿದವರು ನನ್ನ ತಾತ, ಆದ್ದರಿಂದ ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಜಗಳೂರಿನಿಂದ ಕಾಲೇಜು ಓದಲು ಅವಳ ಮನೆಗೆ ಬಂದೆ. ಮೊದಲ ಸಂಜೆಯೇ ಅಲ್ಲಿನ ಪದ್ಧತಿ ತಿಳಿಯಿತು. ಅತ್ತೆ ಮೊದಲ ಜೋಳದ ರೊಟ್ಟಿ ತಟ್ಟಿ ಹಂಚಿನ ಮೇಲೆ ಹಾಕಿದ ಕೂಡಲೇ ಪ್ರಶ್ನೆ ಕೇಳುತ್ತಾಳೆ. ರೊಟ್ಟಿ ಉಬ್ಬುವುದರೊಳಗೆ ಉತ್ತರ ಬರಬೇಕು. ಹೇಳಿದವರಿಗೆ ಆ ಬಿಸಿ ರೊಟ್ಟಿ, ಮೇಲೊಂದು ಉಂಡೆ ಬೆಣ್ಣೆ. ಯಾರೂ ಹೇಳದಿದ್ದರೆ ರೊಟ್ಟಿ ಅತ್ತೆಯದು. ದಿನವೂ ಎಲ್ಲರಿಗೂ ಬಡಿಸಿ ಕೊನೆಗೆ ಆರಿದ ರೊಟ್ಟಿ ತಿನ್ನುವವಳು ಅವತ್ತು ಒಲೆಯ ಮುಂದೆಯೇ ಕೂತು, ಎಲ್ಲರೂ ನೋಡುತ್ತಿರುವಂತೆ, ನಿಧಾನವಾಗಿ ತಿನ್ನುತ್ತಿದ್ದಳು.

ಆಡುವವರು ಮೂವರು. ಒಬ್ಬರು ಮಾಮ, ಅಂದರೆ ಅತ್ತೆಯ ಗಂಡ. ಅಡಿಕೆ ಮಂಡಿಯ ಗುಮಾಸ್ತರು, ಮಾತು ಕಡಿಮೆ. ಇನ್ನೊಬ್ಬ ಪಕ್ಕದ ಮನೆಯ ಕಂಡಕ್ಟರ್ ರುದ್ರಣ್ಣ. ಹೆಂಡತಿ ಬಾಣಂತನಕ್ಕೆ ಹೋದಾಗ ಊಟಕ್ಕೆ ಬಂದವನು, ಹೆಂಡತಿ ತಿರುಗಿ ಬಂದ ಮೇಲೂ ಸಂಜೆ ಬರುವುದು ಬಿಡಲಿಲ್ಲ. ಮೂರನೆಯವಳು ನಾನು.

“ಜಿರಾಫೆ ಕುತ್ತಿಗ್ಯಾಗೆ ಎಷ್ಟು ಎಲುಬು?”

“ನಲವತ್ತು!” ಎಂದ ರುದ್ರಣ್ಣ.

“ಏಳು,” ಎಂದೆ ನಾನು.

“ಏಳೇ. ನಿಂಗೂ ಏಳೇ, ರುದ್ರಣ್ಣ.”

ಅವನು ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ. “ಅಲ್ರೀ ಅಕ್ಕಾರೆ, ಏಳೇ ಏಳು ಇಟ್ಕಂಡು ಅದು ಮರದ ತುದಿ ತಿಂತೈತೆ, ನಾನು ಬಸ್ಸಿನ ಟಾಪ್ ಮೇಲಿರೋ ಗಂಟು ತೆಗ್ಯಾಕೆ ಏಣಿ ಹತ್ಬೇಕು. ಯಾವ ನ್ಯಾಯ ಇದು?”

ಮಾರನೆಯ ದಿನ ಅವನು ಅದೇ ಪ್ರಶ್ನೆಯನ್ನು ನ್ಯಾಮತಿಯವರೆಗೆ ಬಸ್ಸಿನಲ್ಲಿ ಕೇಳಿಕೊಂಡು ಹೋಗುತ್ತಿದ್ದ. ಸಂಜೆ ಬಂದು ವರದಿ ಒಪ್ಪಿಸುತ್ತಿದ್ದ: ಇಷ್ಟು ಜನರನ್ನು ಕೇಳಿದೆ, ಒಬ್ಬ ಮೇಷ್ಟ್ರು ಮಾತ್ರ ಸರಿಯಾಗಿ ಹೇಳಿದರು. ಅತ್ತೆ “ಹೌದಾ? ಆ ಮೇಷ್ಟ್ರು ಯಾವೂರಿನೋರು?” ಎಂದು ವಿಚಾರಿಸುವಳು. ಹೊನ್ನಾಳಿ ದಾಟಿ ಅವಳು ಹೋಗುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಅವಳ ಪ್ರಶ್ನೆ ಮಾತ್ರ ದಿನಾ ಬಸ್ಸು ಹತ್ತುತ್ತಿತ್ತು.

ನಾನು ಚರ್ಚಾಸ್ಪರ್ಧೆಯವಳು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ; ಚೀಟಿಯಲ್ಲಿ ಏನು ಬಂದರೂ ಎದುರಿನವರನ್ನು ಕೂರಿಸಿ ಬರುವುದು ನನ್ನ ಕಸುಬು. ಚನ್ನಗಿರಿಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಕಪ್ಪು ಗೆದ್ದು ಬಂದ ವಾರವದು. ಕಾಲು ನೆಲದ ಮೇಲಿರಲಿಲ್ಲ.

ಅವತ್ತಿನ ಪ್ರಶ್ನೆ: ಉಂಗುರ ಇರುವ ಗ್ರಹ ಯಾವುದು? ರುದ್ರಣ್ಣ “ಶನಿ!” ಎಂದು ಕೂಗಿದ. ಅತ್ತೆ ಹಾಳೆ ನೋಡಿ, “ಶನಿಗ್ರಹಕ್ಕೆ ಮಾತ್ರ. ಸರಿ ಐತೆ,” ಎಂದು ಬೆಣ್ಣೆಗೆ ಕೈ ಹಾಕಿದಳು.

“ತಪ್ಪು,” ಎಂದೆ. “ಯುರೇನಸ್ಸಿಗೂ ಇದೆ. ಈಚೆಗೆ ಕಂಡುಹಿಡಿದಿದ್ದಾರೆ.”

“ಇಲ್ಲಿ ಅಚ್ಚಾಗೈತಲ್ಲೇ.”

“ಆ ಹಾಳೆ ಯಾವ ವರ್ಷದ್ದು? ತಾರೀಖು ತೋರಿಸು.”

ತಾರೀಖು ಇರಲಿಲ್ಲ. ಆ ಮೂಲೆ ಮೆಣಸಿನ ಜೊತೆ ಯಾವತ್ತೋ ಹೋಗಿತ್ತು. ನಾನು ಒಳಗೆ ಹೋಗಿ ಕಾಲೇಜಿನ ಲೈಬ್ರರಿಯಿಂದ ತಂದಿದ್ದ ವಿಜ್ಞಾನ ಪತ್ರಿಕೆ ತೆಗೆದುಕೊಂಡು ಬಂದು, ನಿಂತುಕೊಂಡೇ, ಸಭೆಗೆ ಓದುವ ಹಾಗೆ ಓದಿದೆ. ಮಾಮ ನಕ್ಕರು. ರುದ್ರಣ್ಣ ಹಣೆ ಚಚ್ಚಿಕೊಂಡ. “ಅಯ್ಯೋ, ಶನೀನ ನಾಳೆ ಬಸ್ಸಿನಾಗೆ ಕೇಳಾನ ಅಂತಿದ್ನಲ್ರೀ!” ಅಲ್ಲಿಗೆ ನಿಲ್ಲಿಸಬಹುದಿತ್ತು. ಚರ್ಚೆಯಲ್ಲಿ ಕೊನೆಯ ಒಂದು ನಿಮಿಷ ಉಳಿದಿದ್ದರೆ ನಾನು ಬಿಡುವವಳಲ್ಲ.

“ಅಲ್ಲತ್ತೆ, ಪೊಟ್ಟಣದ ಪೇಪರಿನಲ್ಲಿ ಓದಿ ಇಷ್ಟು ದಿನ ನೀನು ಹೇಳಿದ್ದರಲ್ಲಿ ಎಷ್ಟು ಸುಳ್ಳೋ ಯಾರಿಗೆ ಗೊತ್ತು?”

ಅತ್ತೆ ರೊಟ್ಟಿ ನನ್ನ ತಟ್ಟೆಗೆ ಹಾಕಿ, ಬೆಣ್ಣೆಯನ್ನು ಎಂದಿಗಿಂತ ದೊಡ್ಡದಾಗಿಯೇ ಇಟ್ಟಳು.

ಮಾರನೆಯ ಸಂಜೆ ರೊಟ್ಟಿ ಹಂಚಿಗೆ ಬಿತ್ತು, ಉಬ್ಬಿತು, ಮಾಮನ ತಟ್ಟೆಗೆ ಹೋಯಿತು. ಪ್ರಶ್ನೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಮೆಣಸಿನ ಪೊಟ್ಟಣದ ಹಾಳೆ ನೇರ ಒಲೆಗೆ ಹೋಯಿತು. ರುದ್ರಣ್ಣ ಬಂದು ಕೂತು, ಚಾ ಕುಡಿದು, “ಏನ್ ಸಮಾಚಾರ?” ಎಂದು ಎಲ್ಲರನ್ನೂ ಒಂದೊಂದು ಸಲ ಕೇಳಿ ಎದ್ದು ಹೋಗುತ್ತಿದ್ದ. ಆಗ ನನಗೆ ಲೆಕ್ಕ ಸಿಕ್ಕಿತು. ಆ ಮನೆಯಲ್ಲಿ ಉಪ್ಪು ಕಡಿಮೆಯಾಯಿತು, ನೀರು ಕಾದಿದೆಯಾ ಎಂಬ ಮಾತುಗಳನ್ನು ಬಿಟ್ಟರೆ, ಅತ್ತೆ ಬಾಯಿ ಬಿಡಲಿ ಎಂದು ಉಳಿದವರು ಕಾಯುತ್ತಿದ್ದುದು ದಿನಕ್ಕೆ ಅದೊಂದೇ ಸಲ. ವಾದದಲ್ಲಿ ಗೆದ್ದು ಅದನ್ನು ನಾನು ಕಿತ್ತುಕೊಂಡಿದ್ದೆ.

ಕ್ಷಮೆ ಕೇಳುವುದು ನನ್ನ ಜಾಯಮಾನದಲ್ಲಿ ಇರಲಿಲ್ಲ. “ಯಾಕತ್ತೆ, ಪ್ರಶ್ನೆ ಯಾಕಿಲ್ಲ?” ಎಂದು ಜಗಳ ತೆಗೆಯುವ ದನಿಯಲ್ಲೇ ಕೇಳಿದೆ.

“ಸುಳ್ಳು ಹೇಳಾಕೆ ನಂಗಿಷ್ಟ ಇಲ್ಲ ಕಣೇ,” ಎಂದಳು. ಆಮೇಲೆ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು: “ಆ ಇನ್ನೊಂದು ಉಂಗುರ, ನೀನು ನೋಡೀಯಾ?”

“ನಾನು ಹೇಗೆ ನೋಡಲಿ? ಪತ್ರಿಕೆಯಲ್ಲಿದೆ.”

“ನಂದೂ ಪತ್ರಿಕೇನೇ. ನಂದು ಹಳೇದು, ನಿಂದು ಹೊಸದು. ಇಬ್ರೂ ಬರೆದದ್ದನ್ನ ನಂಬ್ದೋರೇ. ಹೆಂಗೆ ಗೊತ್ತಾಯ್ತು ಅಂತ ನಾನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ.”

ಆಧಾರ ಏನು, ಆಧಾರ ಏನು ಎಂದು ಊರಿಗೆಲ್ಲ ಕೇಳುತ್ತಿದ್ದವಳು ನಾನು.

ಮಾರನೆಯ ದಿನ ಭೌತಶಾಸ್ತ್ರದ ಮೇಷ್ಟ್ರ ಬೆನ್ನು ಬಿದ್ದೆ. ಅವರು ಪಾಠ ಬಿಟ್ಟು ಅರ್ಧ ಗಂಟೆ ವಿವರಿಸಿದರು. ಸಂಜೆ ಕರೆಂಟು ಹೋಗಿತ್ತು, ಒಳ್ಳೆಯದೇ ಆಯಿತು. ಅಡಿಗೆಮನೆಯ ಆ ತುದಿಯ ಗೂಡಿನಲ್ಲಿ ಬುಡ್ಡಿದೀಪ ಸಣ್ಣದು ಮಾಡಿ ಇಟ್ಟೆ. ನನ್ನ ಕೈಯ ಕಪ್ಪು ಪ್ಲಾಸ್ಟಿಕ್ ಬಳೆ ತೆಗೆದು, ಅದರ ಮೇಲಂಚಿನಿಂದ ಕೆಳಂಚಿಗೆ ಒಂದು ಪೊರಕೆಕಡ್ಡಿ ಕಟ್ಟಿ, ನಟ್ಟನಡುವೆ ನೆಲ್ಲಿಕಾಯಿಯಷ್ಟು ರೊಟ್ಟಿ ಹಿಟ್ಟು ಮೆತ್ತಿದೆ.

“ಒಂದು ಕಣ್ಣು ಮುಚ್ಚಿಕೋ ಅತ್ತೆ. ಆ ದೀಪ ನಕ್ಷತ್ರ. ಈ ಹಿಟ್ಟು ಗ್ರಹ. ಗ್ರಹ ನಕ್ಷತ್ರದ ಮುಂದೆ ಹಾದು ಹೋಗುತ್ತಿದೆ. ದೀಪ ಏನಾಗುತ್ತೆ, ನೋಡಿ ಹೇಳು.”

ಅವಳ ಕಣ್ಣಿನ ಮುಂದೆ ನಿಧಾನವಾಗಿ ಬಳೆಯನ್ನು ಅತ್ತಿಂದಿತ್ತ ಸರಿಸಿದೆ.

“ಮಿಟುಕ್ತು… ಈಗ ಐತೆ… ಹೋತು, ಹಿಟ್ಟು ಅಡ್ಡ ಬಂತು… ಬಂತು… ಮತ್ತೆ ಮಿಟುಕ್ತು!”

“ಕಂಡುಹಿಡಿದವರೂ ಉಂಗುರ ನೋಡಲಿಲ್ಲ ಅತ್ತೆ. ಗ್ರಹ ಬರೋಕೆ ಮುಂಚೆ ನಕ್ಷತ್ರ ಮಿಟುಕಿತು, ಹೋದ ಮೇಲೂ ಹಾಗೇ ಮಿಟುಕಿತು. ಎರಡೂ ಕಡೆ ಈ ಬಳೆಯ ಹಾಗೆ ಏನೋ ಅಡ್ಡ ಇದೆ ಅಂತ ಲೆಕ್ಕ ಹಾಕಿದರು.”

ಅತ್ತೆ ಬಳೆ ಕಿತ್ತುಕೊಂಡು ತಾನೇ ನಾಲ್ಕು ಸಲ ಆಡಿಸಿದಳು. ಮಾಮನನ್ನು ಕರೆದಳು. “ರೀ, ಇಲ್ಲಿ ಬರ್ರಿ, ಒಂದು ಕಣ್ಣು ಮುಚ್ರಿ.” ರುದ್ರಣ್ಣನ ಕಣ್ಣನ್ನು ತಾನೇ ಅಂಗೈಯಿಂದ ಮುಚ್ಚಿದಳು. ಅವತ್ತು ಮೊದಲ ರೊಟ್ಟಿ ಸೀದು ಕಪ್ಪಾಯಿತು, ಯಾರಿಗೂ ಪರಿವೆಯಿರಲಿಲ್ಲ. ರುದ್ರಣ್ಣ ಬಳೆಯನ್ನು ಹಾಗೇ ಕಾಗದದಲ್ಲಿ ಸುತ್ತಿ ಬಸ್ಸಿಗೆ ಒಯ್ದ. ಅದು ನನಗೆ ವಾಪಸು ಬರಲೇ ಇಲ್ಲ.

ಅಲ್ಲಿಂದ ಕಾಯಿದೆ ಬದಲಾಯಿತು. ಉತ್ತರ ಹೇಳಿದರೆ ಬರೀ ರೊಟ್ಟಿ. ಬೆಣ್ಣೆ ಬೇಕಾದರೆ ಅತ್ತೆಯ ಎರಡನೆಯ ಪ್ರಶ್ನೆ ದಾಟಬೇಕು: “ಹೆಂಗೆ ಗೊತ್ತು?” ನಾನು ನೋಡಿದ ತೀರ್ಪುಗಾರರಲ್ಲಿ ಅಷ್ಟು ನಿಷ್ಠುರವಾದವರು ಯಾರೂ ಇರಲಿಲ್ಲ. “ಪುಸ್ತಕದಲ್ಲಿದೆ” ಎಂದರೆ ಬೆಣ್ಣೆಯ ಬಟ್ಟಲಿಗೆ ಮುಚ್ಚಳ ಬೀಳುತ್ತಿತ್ತು. ಮೂರು ವರ್ಷ ಆ ಮುಚ್ಚಳದ ಜೊತೆ ಗುದ್ದಾಡಿದೆ. ಕಲಿತದ್ದು ಏನಾದರೂ ಇದ್ದರೆ ಅಲ್ಲಿಯೇ.

ನನಗೆ ಕೆಲಸ ಸಿಕ್ಕಿ ಜಗಳೂರಿಗೆ ಮರಳಿದ ಮೇಲೂ ವರ್ಷಕ್ಕೆರಡು ಸಲ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅತ್ತೆ ಸ್ವಲ್ಪ ಸೊರಗಿದ್ದಳು, ರೊಟ್ಟಿ ತಟ್ಟುವ ಸದ್ದು ಮಾತ್ರ ಹಾಗೇ ಇತ್ತು. ಅಂಗಡಿಯವನು ಬೇಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡಲು ಶುರುಮಾಡಿದ್ದ. “ಆ ಕವರ್ ಮೂಗಿ ಇದ್ದಂಗೆ ಐತೆ ಕಣೇ, ಒಂದು ಮಾತಾಡಲ್ಲ,” ಎಂದು ಬೈದಳು. ಪೇಪರಿನಲ್ಲೇ ಕಟ್ಟಿಕೊಡು ಎಂದು ಅವನ ಜೊತೆ ಜಗಳವಾಡಿ ತರಿಸಿದ್ದಳಂತೆ. ಮಾಮ, ರುದ್ರಣ್ಣ, ನಾನು ಎಂದಿನ ಜಾಗದಲ್ಲಿ ಕೂತೆವು. ರೊಟ್ಟಿ ಹಂಚಿಗೆ ಬಿತ್ತು.

“ಚಿಟ್ಟೆ ರುಚಿ ನೋಡೋದು ಯಾತರಿಂದ?”

“ನಾಲಿಗೆ,” ಎಂದರು ಮಾಮ.

“ರೆಕ್ಕೆ?” ಎಂದ ರುದ್ರಣ್ಣ. “ಮೀಸೆ?”

ಕಾಲಿನಿಂದ. ಕಾಲಿಗೆ ಸಕ್ಕರೆ ನೀರು ಸೋಕಿಸಿದರೆ ಸುರುಳಿ ಸುತ್ತಿದ ನಾಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹಾಗೆ ಗೊತ್ತಾಯಿತು. ಎರಡೂ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅತ್ತೆ ಹಂಚಿನ ಮೇಲೆ ಬಾಗಿದ್ದಳು, ಕಣ್ಣು ಮಾತ್ರ ನಮ್ಮ ಕಡೆ. ನಾನು ಸುಮ್ಮನೆ ಕೂತೆ. ರೊಟ್ಟಿ ಅಂಚಿನಿಂದ ಮೇಲೆದ್ದು ಪೂರ್ತಿ ಉಬ್ಬಿತು.

“ಸೋತ್ರಿ! ಕಾಲಿಂದ ಕಣ್ರೋ, ಕಾಲಿಂದ,” ಎಂದು ಅತ್ತೆ ಬೆಣ್ಣೆ ಹಚ್ಚಿಕೊಂಡು ಒಲೆಯ ಮುಂದೆ ಕೂತಳು. “ನಂಗೂ ಹಂಗೇ ಇದ್ದಿದ್ರೆ, ಅಡಿಗೆಮನ್ಯಾಗೆ ನಾಕು ಸಲ ಓಡಾಡಿದ್ರೆ ಊಟ ಆಗೋಗಿರೋದು.” ಅರ್ಧ ರೊಟ್ಟಿ ತಿಂದು ನನ್ನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತು.”

“ಇಲ್ಲತ್ತೆ.”

“ಗೊತ್ತಿತ್ತು ಕಣೇ.”

ಆಮೇಲೆ ಆರು ತಿಂಗಳಿಗೆ ಅವಳು ತೀರಿಕೊಂಡಳು. ನೆನಪಾದಾಗಲೆಲ್ಲ ನನಗೆ ಕಾಣುವುದು ಆ ಸಂಜೆಯ ಮುಖವೇ: ಗಲ್ಲದ ಮೇಲೆ ಹಿಟ್ಟು, ತುಟಿಯ ಮೇಲೆ ಬೆಣ್ಣೆ. ನಾನು ಚರ್ಚೆಯವಳು, ಅವತ್ತೂ ಅಷ್ಟಕ್ಕೆ ಬಿಡಲಿಲ್ಲ. “ಹೆಂಗೆ ಗೊತ್ತು?” ಎಂದು ಅವಳದೇ ಪ್ರಶ್ನೆ ತಿರುಗಿಸಿ ಕೇಳಿದೆ.

ಅತ್ತೆ ಒಂದು ಕಣ್ಣು ಮುಚ್ಚಿದಳು.

“ನಾನು ಪ್ರಶ್ನೆ ಕೇಳ್ದಾಗ ನೀನು ಒಂದ್ಸಲ ಕಣ್ಣು ಮಿಟುಕ್ದೆ. ರೊಟ್ಟಿ ಉಬ್ದಾಗ ಇನ್ನೊಂದ್ಸಲ. ನಡುವೆ ಏನೋ ಅಡ್ಡ ಇಟ್ಕಂಡಿದ್ದೆ.”