ಗೇಟು ತೆರೆಸಿದವರು: ಸಾರ್ಜೆಂಟ್ ಮೇಜರ್ ಎಲಿಸೆಯೊ ಮೆಂಹಿವಾರ್

ನಮ್ಮ ಬೆಲೀಜ್ ದೇಶದ ಪುಟ್ಟ ಸೈನ್ಯದಲ್ಲಿ ಕವಾಯತು ಕಲಿಸಿದ ಮಹನೀಯರಿಗೆ ಕೊರತೆಯಿಲ್ಲ. ಆದರೆ ಆಜ್ಞೆಗೆ ತಲೆಬಾಗುತ್ತಲೇ ಅವಮಾನಕ್ಕೆ ತಲೆಬಾಗದಿರುವ ವಿದ್ಯೆಯನ್ನು ಮೂರು ದಶಕಗಳ ಕಾಲ ಹೇಳಿಕೊಟ್ಟವರು ಸಾರ್ಜೆಂಟ್ ಮೇಜರ್ ಎಲಿಸೆಯೊ ಮೆಂಹಿವಾರ್ ಅವರೊಬ್ಬರೇ. ಅವರ ನಿವೃತ್ತಿಯ ಈ ಸಂಪುಟಕ್ಕೆ ಬರೆಯಿರೆಂದು ಕೇಳಿದ ಸಂಪಾದಕರು 'ವಿವಾದದ ಸಂಗತಿ ಬೇಡ' ಎಂದೂ ಸೂಚಿಸಿದ್ದಾರೆ. ವಿವಾದ ಬಿಟ್ಟು ಮೆಂಹಿವಾರ್ ಅವರ ಬಗ್ಗೆ ಬರೆಯುವುದೆಂದರೆ ಉಪ್ಪು ಬಿಟ್ಟು ಅಡುಗೆ ಮಾಡಿದಂತೆ. ಅದು ನನ್ನಿಂದಾಗದು.

ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಲ್ಲಿ ಸಮವಸ್ತ್ರದವರು ಅವರ ತಂದೆಯನ್ನು ಮನೆಯಂಗಳದಲ್ಲೇ ಗುಂಡಿಟ್ಟು ಕೊಂದಾಗ ಅವರಿಗೆ ಆರು ವರ್ಷ. ತಾಯಿ ತ್ರಾನ್ಸಿತೊ ಅಮ್ಮನವರು ಮಗನ ಕೈಹಿಡಿದು ಗ್ವಾಟೆಮಾಲಾ ದಾಟಿ, ನಮ್ಮ ಗಡಿಯ ಹೊಳೆ ಹಾಯ್ದು ಬಂದು, ಕಿತ್ತಳೆ ತೋಟಗಳಲ್ಲಿ ಕೂಲಿ ಮಾಡಿ ಅವರನ್ನು ಸಾಕಿದರು. ಶಾಲೆ ಕಲಿತ ಮಗನಿಗೆ ಪೌರತ್ವ ಸಿಕ್ಕಿತು. ತಾಯಿಯ ಅರ್ಜಿ ಪರಿಶೀಲನೆಯಲ್ಲೇ ಉಳಿಯಿತು. ಹದಿನೆಂಟಕ್ಕೆ ಮಗ ಸೈನ್ಯ ಸೇರುತ್ತೇನೆಂದಾಗ ಆ ತಾಯಿ, "ಆ ಬಟ್ಟೆ ಹಾಕ್ಕೊಂಡ ದಿನವೇ ನೀನು ನನ್ನ ಪಾಲಿಗೆ ಸತ್ತೆ" ಎಂದುಬಿಟ್ಟರು. ಅಂದಂತೆಯೇ ಮಾತು ಬಿಟ್ಟರು.

ಕಡಲ ದಂಡೆಯ ಮೀನುಗಾರರ ಮಗನಾದ ನಾನು ಪಾಳೆಯದಲ್ಲಿ ಮೆಂಹಿವಾರ್ ಅವರ ಪಕ್ಕದ ಮಂಚದವನು. ನಮ್ಮನ್ನು ತಿದ್ದಲು ಟಿಲೆಟ್ ಎಂಬ ಕಾರ್ಪೊರಲ್ ಇದ್ದರು, ಪುಣ್ಯಾತ್ಮ! "ಏಯ್ ಪರದೇಶಿ, ನಾಳೆ ಯುದ್ಧ ಬಂದ್ರೆ ಯಾರ ಕಡೆ ಗುಂಡು ಹಾರಿಸ್ತೀಯೋ?" ಎಂದು ಒಂದು ದಿನ ಎಲ್ಲರೆದುರು ಕೇಳಿದರು.

"ನಮ್ಮಪ್ಪನ್ನ ಕೊಂದಿದ್ದು ಸೈನಿಕರು ಸಾರ್. ಅಂಥವರು ಇಲ್ಲಿ ತಲೆ ಎತ್ತಬಾರದು ಅಂತಲೇ ಸೇರಿದೀನಿ. ಸದ್ಯಕ್ಕೆ ನಿಮ್ಮ ಮೇಲೇ ಕಣ್ಣಿಟ್ಟಿದೀನಿ."

ಅದಕ್ಕಾಗಿ ವಾರವಿಡೀ ಉರಿಬಿಸಿಲಲ್ಲಿ ಮೈದಾನ ಸುತ್ತಿದರು. ಕ್ಷಮೆ ಮಾತ್ರ ಕೇಳಲಿಲ್ಲ.

ಕ್ರಿಸ್ಮಸ್ ಊಟದ ದಿನ ಎಲ್ಲರಿಗಿಂತ ಕಿರಿಯ ಸೈನಿಕ ದಳಪತಿಯ ಕೋಟು ತೊಟ್ಟು, ಊಟ ಮುಗಿಯುವವರೆಗೆ ತಾನೇ ದಳಪತಿಯಾಗುವುದು ನಮ್ಮ ಪಾಳೆಯದ ಪದ್ಧತಿ. ನಿಜವಾದ ದಳಪತಿಗಳು ಅವನ ಅಂಗಿ ತೊಟ್ಟು ಎಲ್ಲರಿಗೂ ಬಡಿಸುತ್ತಾರೆ. ಆ ಹೊತ್ತಿನ ಆಜ್ಞೆಯನ್ನು ಯಾರೂ ಮೀರುವಂತಿಲ್ಲ. ಸಾರ್ಜೆಂಟನನ್ನು ಕುಣಿಸುವುದು, ಅಡುಗೆಯವನಿಂದ ಹಾಡಿಸುವುದು, ಇಷ್ಟೇ ಅದರ ವ್ಯಾಪ್ತಿಯೆಂಬುದೂ ಎಲ್ಲರಿಗೆ ಗೊತ್ತು. ಆ ವರ್ಷದ ಕಿರಿಯರು ಮೆಂಹಿವಾರ್. ಮನೆಯವರಿಗೂ ಅಂದು ಆಹ್ವಾನವಿತ್ತು. ತೆಂಗಿನ ಹಾಲಿನ ಅನ್ನ, ಬೀನ್ಸ್ ಕಾಳು, ಕೋಳಿ ಬಡಿಸುತ್ತಿದ್ದಂತೆ ಟಿಲೆಟ್ ಹಲ್ಲು ಕಿರಿಯುತ್ತ ಬಂದರು.

"ದಳಪತಿಗಳೇ, ಗೇಟಲ್ಲಿ ನಿಮ್ಮಮ್ಮ ಅಂತೆ. ಕಾಗದ ಪತ್ರ ಏನೂ ಇಲ್ಲ. ವಾಪಸ್ ಕಳಿಸ್ತಿದೀವಿ."

ಮಾತು ಬಿಟ್ಟಿದ್ದ ತಾಯಿ ಬಂದೂಕು ಹಿಡಿದವರ ಬಾಗಿಲಿಗೆ ತಾವಾಗಿ ಬಂದಿದ್ದರು. ಅಂದು ತಿರುಗಿ ಹೋದರೆ ಮತ್ತೆಂದೂ ಬರುವವರಲ್ಲ. ಅದು ಮಗನಿಗೆ ಚೆನ್ನಾಗಿ ಗೊತ್ತಿತ್ತು.

ಮೆಂಹಿವಾರ್ ಎದ್ದು ನಿಂತರು. "ಸಿಪಾಯಿ ಬೆವನ್ಸ್!" ಎಂದು ಕೂಗಿದರು. ಕೋಳಿ ಬಡಿಸುತ್ತಿದ್ದ ದಳಪತಿ ಮೇಜರ್ ಬೆವನ್ಸ್ ಸೌಟು ಹಿಡಿದೇ ತಿರುಗಿದರು. "ಗೇಟು ತೆರೆಸಿ ನಮ್ಮಮ್ಮನ್ನ ಕರ್ಕೊಂಡು ಬಾ. ಬುಟ್ಟಿ ನೀನೇ ಹೊತ್ಕೊ."

"ತಮಾಷೆಗೂ ಒಂದು ಮಿತಿ ಇದೆ ಕಣೋ!" ಎಂದರು ಟಿಲೆಟ್.

"ತಮಾಷೆ ಯಾರು ಮಾಡ್ತಿದಾರೆ? ಈ ಪದ್ಧತಿ ನಿಮ್ಮದು, ನಾನು ಹೊಳೆ ಆಚೆಯಿಂದ ತಂದಿದ್ದಲ್ಲ. ಆಜ್ಞೆ ಅಂದ್ರೆ ಆಜ್ಞೆ."

ಮೇಜರ್ ಸೌಟು ಕೆಳಗಿಟ್ಟು, ಸೆಲ್ಯೂಟ್ ಹೊಡೆದು, ಹೊರಟರು.

ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬುಗಳ ಬುಟ್ಟಿ ಹೊತ್ತ ಮೇಜರ್ ಹಿಂದೆ ತ್ರಾನ್ಸಿತೊ ಅಮ್ಮನವರು ಗೋಡೆ ಹಿಡಿದುಕೊಂಡು ಒಳಬಂದರು.

"ಬಿಚ್ಚೋ ಆ ಕೋಟು."

"ಬಿಚ್ಚಲ್ಲಮ್ಮ. ಕೂತ್ಕೊ."

ತಾಯಿ ಮಗನ ಮುಖ ನೋಡಿದರು. "ಥೇಟ್ ಅಪ್ಪನ ಹಾಗೇ, ಮೊಂಡ" ಎಂದು ಕುಳಿತರು. ನನ್ನ ಕಣ್ಣು ತುಂಬಿಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ಒಂದು ಊಟದ ನೆಪದಲ್ಲಿ ಅವರ ಬಡ್ತಿ ಎರಡು ಸಲ ತಪ್ಪಿತು. ನಮ್ಮಪ್ಪನ ದೋಣಿ ಬಿರುಗಾಳಿಗೆ ಸಿಕ್ಕಾಗ ನನ್ನ ಪಹರೆಯನ್ನೂ ತಾವೇ ನಿಂತು ನನ್ನನ್ನು ಮನೆಗೆ ಅಟ್ಟಿದವರು ಅವರು. ಕಾಡಿನ ಗಸ್ತಿನಲ್ಲಿ ಜ್ವರ ಬಿದ್ದ ಇದೇ ಟಿಲೆಟ್ ಅವರನ್ನು ಬೆನ್ನ ಮೇಲೆ ಹೊತ್ತು ತಂದವರೂ ಅವರೇ. ಸಾರ್ಜೆಂಟ್ ಮೇಜರ್ ಆದ ಮೇಲಂತೂ ಯಾವ ಸೈನಿಕನ ತಾಯಿ ಬಂದರೂ ಕಾಗದ ಕೇಳಕೂಡದೆಂದು ಕಾವಲಿನವರಿಗೆ ತಾಕೀತು ಮಾಡಿದರು. ಮೇಲಿನವರು ಆಕ್ಷೇಪಿಸಿದಾಗ, "ಬರೆದು ಕೊಡಿ ಸಾರ್. ಆಗಲ್ಲ ಅಂತ ನಾನೂ ಬರೆದೇ ಕೊಡ್ತೀನಿ" ಎಂದರು. ಯಾರೂ ಬರೆದು ಕೊಡಲಿಲ್ಲ.

ನಿವೃತ್ತಿಯ ಮರುದಿನ ಅವರು ತಾಯಿಯನ್ನು ಕರೆದುಕೊಂಡು ವಲಸೆ ಕಚೇರಿಗೆ ಹೋದರು. ಎಂಬತ್ತು ದಾಟಿದ ಅಮ್ಮನವರ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಅಂದಿನಿಂದ ದಿನವೂ ಹೋಗುತ್ತಾರೆ. ಅಲ್ಲಿ ಕಾಯುವ ಇತರ ಮುದುಕರ ಪರವಾಗಿಯೂ ವಾದಿಸುತ್ತಾರೆ. ಮೊನ್ನೆ ಬೇಸತ್ತ ಅಧಿಕಾರಿಯೊಬ್ಬರು, "ಸಾರ್ಜೆಂಟ್ ಸಾಹೇಬ್ರೇ, ರಿಟೈರ್ ಆಯ್ತಲ್ಲ, ಮನೆಗೆ ಹೋಗ್ಬಾರ್ದಾ?" ಎಂದರಂತೆ.

ಅವರಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ, ಕೈಗೆತ್ತಿಕೊಂಡ ಈ ಕೆಲಸ ನಡೆಯುತ್ತಲೇ ಇರಲಿ. ಆ ಅಧಿಕಾರಿಗೂ ಅಷ್ಟೇ ಆಯುಸ್ಸು ಸಿಗಲಿ, ಬೇಕಾದೀತು; ಏಕೆಂದರೆ ನಮ್ಮ ಮೆಂಹಿವಾರ್ ಅವರು ತಾಯಿಯ ಪಕ್ಕದಲ್ಲಿ ಇನ್ನಷ್ಟು ನೆಟ್ಟಗೆ ಕುಳಿತು ಹೇಳಿದ್ದು ಇಷ್ಟೇ: "ಮನೇಲೇ ಇದೀವಿ ಸ್ವಾಮಿ. ನೀವು ಕೆಲಸ ಶುರು ಮಾಡಿ."