ಬಸ್ ಬಿಡುವ ಮೊದಲು ಊದಿಸಬೇಕು

ಆಗ ನಾನು ಜೇವರ್ಗಿ ಕಾಲೋನಿಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹೈದರಾಬಾದಿಗೆ ಹೋಗಿದ್ದ ನಮ್ಮ ಕಾರ್ಯದರ್ಶಿಗಳು ಅಂಗೈಯಗಲದ ಒಂದು ಯಂತ್ರ ತಂದು ನನ್ನ ಮೇಜಿನ ಮೇಲಿಟ್ಟರು. ಚಾಲಕರು ಅದರೊಳಗೆ ಊದಬೇಕು. ಕುಡಿದಿದ್ದರೆ ಚೀರುತ್ತದೆ, ಇಲ್ಲದಿದ್ದರೆ ಸೊನ್ನೆ ತೋರಿಸುತ್ತದೆ. ದಿನಾ ಬಸ್ ಬಿಡುವ ಮೊದಲು ಊದಿಸಿ, ವೇಳೆ ಬರೆದು, ಸಹಿ ಹಾಕಿಸಿಕೊಳ್ಳುವುದು ನನ್ನ ತಲೆಯ ಮೇಲೆ ಬಿತ್ತು. ಇದ್ದ ಕೆಲಸ ಸಾಲದಾಗಿತ್ತು ನೋಡಿ!

ಊರೊಳಗಿನ ಬಸ್ಸಿನದು ತಕರಾರಿರಲಿಲ್ಲ. ಊರಾಚೆಯ ಕಮಲಾಪುರದ ಬಸ್ಸು ಮಾತ್ರ ರಾತ್ರಿ ಅಲ್ಲೇ, ಚಾಲಕರ ಮನೆ ಮುಂದೆ ನಿಲ್ಲುತ್ತಿತ್ತು. ಬೆಳಗ್ಗೆ ಅವರು ಮಕ್ಕಳನ್ನು ತುಂಬಿಕೊಂಡು ಎಂಟು ಗಂಟೆಗೆ ಶಾಲೆಗೆ ಬರುವುದು, ಆಮೇಲೆ ನಾನು ಊದಿಸುವುದು, ಪುಸ್ತಕದಲ್ಲಿ ಮಾತ್ರ ಬಸ್ಸು ಅಲ್ಲಿಂದ ಹೊರಡುವ ವೇಳೆ, ಆರೂವರೆ ಎಂದು ಬರೆಯುವುದು. ಮಕ್ಕಳೆಲ್ಲ ಇಳಿದ ಮೇಲೆ ಇದೆಂಥ ಪರೀಕ್ಷೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಸಹಿ ಬಿದ್ದಿರುತ್ತಿತ್ತು, ಕಾರ್ಯದರ್ಶಿಗಳು ಖುಷಿಯಾಗಿದ್ದರು.

ಕೇಳಿದವರು ಆ ಚಾಲಕರೇ. ಐವತ್ತರ ಆಸುಪಾಸಿನ ಮನುಷ್ಯ. ಹಿಂದೆ ಲಾರಿ ಓಡಿಸುವಾಗ ವಿಪರೀತ ಕುಡಿಯುತ್ತಿದ್ದರಂತೆ. ಬಿಟ್ಟು ಎರಡು ವರ್ಷವಾಗಿತ್ತು. ಕಮಲಾಪುರದವರು ಮಾತ್ರ ಅದನ್ನು ನಂಬಿರಲಿಲ್ಲ. ಒಬ್ಬ ತಾಯಿ ಮಗಳನ್ನು ಬಸ್ಸಿನಿಂದ ಬಿಡಿಸಿದ್ದರು, ಸೋಮವಾರದಿಂದ ಇನ್ನೂ ಎಂಟು ಮನೆಯವರು ಬಿಡಿಸುವವರಿದ್ದರು. ಮಕ್ಕಳಿಲ್ಲದಿದ್ದರೆ ಆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಅವರ ನೌಕರಿಯಿಲ್ಲ.

“ಇಲ್ಲಿ ನಿಮ್ಮ ಮುಂದ ಊದಿ ಏನ್ ಮಾಡ್ಲಿರೀ ಸರ್? ಅಲ್ಲಿ ಅವರ ಮುಂದ ಊದಸ್ರಿ,” ಎಂದರು.

ಮೊದಲು ಸಿಟ್ಟು ಬಂತು. ಸುಳ್ಳು ವೇಳೆ ಬರೆಯುತ್ತಿದ್ದವನು ನಾನು, ಸಿಟ್ಟೂ ನನಗೇ! ಆಮೇಲೆ ನಾಚಿಕೆಯಾಯಿತು. ಸೋಮವಾರ ನಸುಕಿನಲ್ಲಿ ಖೂಬಾ ಪ್ಲಾಟಿನ ಮನೆಯಿಂದ ಗೊಣಗುತ್ತಲೇ ಹೊರಟೆ. ಕೆಮ್ಮು ಬೇರೆ ಹಿಡಿದಿತ್ತು. ಅಮ್ಮ ಆಯುರ್ವೇದದ ಔಷಧಿ, ದ್ರಾಕ್ಷಾರಿಷ್ಟದ ಸಣ್ಣ ಶೀಷೆಯೊಂದನ್ನು ಜೇಬಿಗೆ ತುರುಕಿದ್ದಳು. ಕಮಲಾಪುರದಲ್ಲಿ ಇಳಿದವನೇ ಎರಡು ಮುಚ್ಚಳ ಕುಡಿದು, ಗಂಟಲು ಸರಿಮಾಡಿಕೊಂಡು ಬಸ್ಸಿನ ಹತ್ತಿರ ಹೋದೆ.

ಚಾಲಕರು ಮೊದಲೇ ಹೇಳಿಟ್ಟಿದ್ದರಿಂದ ತಂದೆತಾಯಿಗಳೆಲ್ಲ ನೆರೆದಿದ್ದರು. ನಾನು ಯಂತ್ರದ ಮಹಿಮೆಯನ್ನು ಸಾಕಷ್ಟು ವಿವರಿಸಿದೆ. ಮಗಳನ್ನು ಬಿಡಿಸಿದ್ದ ಆ ತಾಯಿ ಸೆರಗು ಬಿಗಿದು ಮುಂದೆ ಬಂದರು.

“ಮೊದಲ ಈ ಡಬ್ಬಿ ಖರೇ ಹೇಳ್ತದೋ ಇಲ್ಲೋ ನೋಡೂಣು. ನೀವೇ ಊದ್ರಿ.”

ಅದಕ್ಕೇನಂತೆ ಎಂದು ಠೀವಿಯಿಂದ ಊದಿದೆ. ಯಂತ್ರ ಚೀರಿತು! ಉಳ್ಳಾಗಡ್ಡಿ ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಯವನು ನಾನು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಮಕ್ಕಳು ಕುಣಿದವು. ಶೀಷೆ ತೆಗೆದು ತೋರಿಸಿದೆ, ದೇವರಾಣೆ ಎಂದೆ, ಬೆವತೆ. ಒಬ್ಬ ಮುದುಕರು ಶೀಷೆ ಮೂಸಿ ಇನ್ನೊಬ್ಬರಿಗೆ ದಾಟಿಸಿದರು. ಅವರು ಮೂಸಿ ಮುಖ ಸಿಂಡರಿಸಿದರು. ನಂಬದವರ ನಡುವೆ ನಿಲ್ಲುವುದು ಎಷ್ಟು ಕಷ್ಟ ಎಂದು ಆವತ್ತೇ ನನಗೆ ಗೊತ್ತಾದದ್ದು.

ಚಾಲಕರು ಒಂದು ತಂಬಿಗೆ ನೀರು ತಂದುಕೊಟ್ಟರು. “ಬಾಯಿ ಮುಕ್ಕಳಸ್ರಿ ಸರ್. ನಾ ನಂಬ್ತೀನ್ರಿ ನಿಮ್ಮನ್ನ.”

ಅರಿಷ್ಟದಂಥ ಔಷಧಿಯಲ್ಲಿರುವ ಮದ್ಯದ ಘಾಟು ಬಾಯಿಂದ ಹೋಗಲು ಹದಿನೈದು ನಿಮಿಷ ಕಾಯಬೇಕೆಂದು ಯಂತ್ರದ ಜೊತೆಗಿನ ಕಾಗದದಲ್ಲಿ ಬರೆದಿತ್ತು. ಕಾದೆವು. ಮತ್ತೆ ಊದಿದೆ, ಸೊನ್ನೆ ಬಂತು. ಅಬ್ಬಾ! ಈಗ ಯಂತ್ರದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಚಾಲಕರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎದೆ ತುಂಬ ಉಸಿರೆಳೆದು ಊದಿದರು. ಸೊನ್ನೆ. ನಾನು ಯಂತ್ರವನ್ನು ಒಬ್ಬೊಬ್ಬರ ಮುಂದೆಯೂ ಹಿಡಿದೆ. ಆ ತಾಯಿ ಸುಮಾರು ಹೊತ್ತು ಅದನ್ನೇ ನೋಡಿದರು. ಆಮೇಲೆ ಮನೆಗೆ ಹೋಗಿ ಮಗಳನ್ನು ಕರೆತಂದು, ಚಾಲಕರ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿದರು.

“ಸಾವಕಾಶ ಹೋಗ್ರಿ ಅಣ್ಣಾ,” ಎಂದರು.

ಚಾಲಕರು ತಲೆ ಆಡಿಸಿ ಮೇಲೆ ಹತ್ತಿ ಕುಳಿತರು. ಕೀಲಿ ಹಾಕಲು ಹೋದರೆ ತೂತೇ ಸಿಗಲೊಲ್ಲದು. ಕೈ ಅಷ್ಟು ನಡುಗುತ್ತಿತ್ತು. ಕೆಳಗೆ ನಿಂತವರೆಲ್ಲ ಅದನ್ನು ನೋಡುತ್ತಿದ್ದರು.

“ಒಂದ್ ನಿಮಿಷ ತಡೀರಿ ಸರ್,” ಎಂದರು, ಕಣ್ಣೊರೆಸಿಕೊಳ್ಳುತ್ತ. “ಕುಡೀತಿದ್ದಾಗೂ ಕೈ ಹಿಂಗ ನಡುಗಿದ್ದಿಲ್ರೀ.”