ಗುಲಫಶಾಳ ಹತ್ಯಾರ

ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿ ರಹಿಮಾನ್ ಸಾಬರ ಮೋಟರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಗುಡೇಕೋಟೆಯ ರೈತನೂ ಹೇಳುತ್ತಾನೆ, ಹಿರೇಹಡಗಲಿಯವನೂ ಹೇಳುತ್ತಾನೆ. ಬೋರಿನ ಮೋಟರ್ ಸುಟ್ಟರೆ ಅದನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕಸುಬು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಚಹಾಕ್ಕೆ ಕೂತವರೆಲ್ಲ ಈ ಮಾತು ಕೇಳಿಯೇ ಏಳಬೇಕು: “ನಾ ಒಂದು ಪೈಸಾ ಕೊಡದ ಕಲ್ತಾಂವ, ಒಂದು ಪೈಸಾ ತಗೊಳ್ಳದ ಕಲಿಸ್ದಾಂವ. ರೊಕ್ಕ ಕೊಟ್ಟು ವಿದ್ಯಾ ಕೊಳ್ಳೋದು ನನಗ ಆಗಿಬರಂಗಿಲ್ರಿ.”

ಮಾತು ಸುಳ್ಳಲ್ಲ. ಹಗರಿಬೊಮ್ಮನಹಳ್ಳಿಯ ಉಸ್ತಾದರೊಬ್ಬರ ಬಳಿ ಅವರು ಕಲಿತದ್ದು ಹಾಗೆಯೇ. ಆ ಉಸ್ತಾದರಿಂದ ಬಂದ ಒಂದು ರೂಢಿಯನ್ನೂ ಅವರು ಬಿಟ್ಟಿರಲಿಲ್ಲ. ಶಿಷ್ಯನಾದವನು ತಾನೊಬ್ಬನೇ ಮೋಟರ್ ಸುತ್ತಿ ಓಡಿಸಿದ ದಿನ, ಕಲಿಸಿದವನು ತನ್ನ ಖರ್ಚಿನಲ್ಲಿ ಅವನಿಗೆ ಹತ್ಯಾರ ಕೊಡಿಸಬೇಕು: ಪಕ್ಕಡ, ಸುತ್ತಿಗೆ, ಸ್ಪ್ಯಾನರು, ಇಟ್ಟುಕೊಳ್ಳಲು ಒಂದು ಚೀಲ. ಅವತ್ತಿನಿಂದ ಅವನು ಮಿಸ್ತ್ರಿ.

ಈ ಹೆಮ್ಮೆಯ ಪೆಟ್ಟು ತಿಂದವನು ಮಗ ಯೂನುಸ. ಡಿಪ್ಲೊಮಾ ಓದುತ್ತೇನೆ ಅಂದಿದ್ದಕ್ಕೆ “ದುಡಿದು ಓದು” ಎಂಬ ಉತ್ತರ ಸಿಕ್ಕಿತ್ತು. ಅವನು ದುಡಿಯಲು ಲಾರಿ ಹತ್ತಿದ, ಓದಲು ಇಳಿಯಲೇ ಇಲ್ಲ. ಈಗ ಹಬ್ಬಕ್ಕೆ ಬರುತ್ತಾನೆ, ಉಂಡು, ಅವ್ವನ ಜೊತೆ ಮಾತಾಡಿ ಹೋಗುತ್ತಾನೆ.

ಈ ವರ್ಷ ಮಗಳು ಗುಲಫಶಾಳ ಸರದಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಹೊಸಪೇಟೆಯಲ್ಲಿ ನರ್ಸಿಂಗ್ ಓದುವ ಆಸೆ, ದಸರೆಯೊಳಗೆ ಫೀ ಕಟ್ಟಬೇಕು. ಅಪ್ಪನ ಉತ್ತರ ಬದಲಾಗಲಿಲ್ಲ.

“ಹಬ್ಬಕ್ಕಷ್ಟ ಬರೋ ಮಕ್ಕಳು ಇಬ್ಬರಾದ್ರು ಬಿಡ್ರಿ,” ಎಂದು ಹೆಂಡತಿ ಅಜೀಜಬಿ ಊಟದ ತಾಟು ಸರಿಸಿ ಒಳಗೆ ಹೋದಳು.

ಗುಲಫಶಾ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಮರುದಿನ ಬೆಳಿಗ್ಗೆ ದುಪಟ್ಟಾ ಸೊಂಟಕ್ಕೆ ಬಿಗಿದು ಅಂಗಡಿಗೆ ಬಂದು ಕೂತಳು. “ಊರಿಗೆಲ್ಲ ಪುಕ್ಕಟ ಕಲಿಸ್ತೀಯಲ್ಲಪ್ಪಾ, ನನಗೂ ಕಲಿಸು.”

ಎರಡು ದಿನಕ್ಕೆ ಬೇಸತ್ತು ಮನೆಗೆ ಓಡುತ್ತಾಳೆ ಎಂದುಕೊಂಡು ಸಾಬರು ನಕ್ಕರು. ಅವಳು ಓಡಲಿಲ್ಲ. ಮಳೆಗಾಲ ಪೂರ್ತಿ ಬೆರಳು ಕೊಯ್ದುಕೊಂಡು ತಂತಿ ಸುತ್ತಿದಳು. ಸುತ್ತು ತಪ್ಪಿ ತಾಮ್ರ ಕೆಟ್ಟಾಗ ಸಾಬರು ಅದನ್ನು ಗುಜರಿಯ ಮೂಲೆಗೆ ಎಸೆದು, ಸುಮ್ಮನೆ ಹೊಸ ತಂತಿ ಮುಂದಿಟ್ಟರು. ಕಲಿಯುವವರು ಕೆಡಿಸಿದ್ದರ ಖರ್ಚು ಉಸ್ತಾದನ ತಲೆ ಮೇಲೆ, ಅದರ ಮಾತೆತ್ತುವಂತಿಲ್ಲ.

ಕೊನೆಗೊಂದು ದಿನ ಗುಡೇಕೋಟೆಯ ರೈತ ಓಬಳೇಶನ ಮೋಟರನ್ನು ಅವಳೊಬ್ಬಳೇ ಸುತ್ತಿ ಮುಗಿಸಿದಳು. ನೀರಿನ ತೊಟ್ಟಿಗಿಳಿಸಿ ಸ್ವಿಚ್ ಹಾಕಿದಾಗ ಅದು ಗುಂಯ್ ಎಂದು ಓಡಿತು. ಸಾಬರ ಕಣ್ಣು ತುಂಬಿತು. ವಾರ್ನಿಶ್ ವಾಸನೆ ಹೆಚ್ಚಾಯಿತೆಂದು ಗೊಣಗುತ್ತ ಮುಖ ಆಚೆ ತಿರುಗಿಸಿದರು.

“ಮಗಳು ಮಿಸ್ತ್ರಿ ಆದ್ಲಲ್ರಿ ಸಾಬ್ರ! ಹತ್ಯಾರ ಯಾವಾಗ ಕೊಡಸ್ತೀರಿ?” ಎಂದ ಓಬಳೇಶ.

“ಇವತ್ತ ಕೊಡಸ್ತೀನಿ. ಏನು ಬೇಕು ಕೇಳಲಿ,” ಎಂದು ಸಾಬರು ಎದೆಯುಬ್ಬಿಸಿದರು.

ಗುಲಫಶಾ ಕೈ ಒರೆಸಿಕೊಂಡಳು. “ನನಗ ಪಕ್ಕಡ ಸುತ್ತಿಗಿ ಬ್ಯಾಡಪ್ಪಾ. ನನ್ನ ಹತ್ಯಾರ ಹೊಸಪೇಟಿ ಕಾಲೇಜಿನಾಗ ಅದಾವ. ಮಗಳಿಗೆ ಕೊಡಬ್ಯಾಡ, ಕಲ್ತಾಕಿಗೆ ಕೊಡು.”

ಸಾಬರ ಕಣ್ಣು ಗುಜರಿಯ ಮೂಲೆಗೆ ಹೋಯಿತು. ಮಗಳು ಕೆಡಿಸಿದ ತಾಮ್ರ ಅಲ್ಲಿ ಬಿದ್ದಿತ್ತು. ತಾನು ಕೆಡಿಸಿದ್ದು ಹಗರಿಬೊಮ್ಮನಹಳ್ಳಿಯಲ್ಲಿ ಎಷ್ಟು ಬಿದ್ದಿತ್ತೋ! ಮಧ್ಯಾಹ್ನ ಉಸ್ತಾದರ ಮನೆಯಿಂದ ಬರುತ್ತಿದ್ದ ರೊಟ್ಟಿ ನೆನಪಾಯಿತು. ತಾನು ಪೈಸೆ ಕೊಡದೆ ಕಲಿತದ್ದು ನಿಜ. ಆದರೆ ತನ್ನ ಪರವಾಗಿ ಇನ್ನೊಬ್ಬರು ಕೊಟ್ಟಿದ್ದರು. ಇಷ್ಟು ವರ್ಷ ಚಹಾದ ಜೊತೆ ಹಂಚಿದ ಮಾತು ನೆನೆದು ಅವರಿಗೆ ನಾಚಿಕೆಯಾಯಿತು.

ಆ ವಾರವೇ ಅಪ್ಪ ಮಗಳು ಹೊಸಪೇಟೆಗೆ ಹೋಗಿ ಫೀ ಕಟ್ಟಿದರು. ವಾಪಸು ಬರುವಾಗ ಗುಲಫಶಾ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಹಾಡು ಗುನುಗುತ್ತಿದ್ದಳು. ಸಾಬರು ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು, “ಯೂನುಸಗ ಈಗ ಓದಾಕ ವಯಸ್ಸು ಮೀರೈತೇನವ್ವಾ?”

“ನನ್ನ ಯಾಕ ಕೇಳ್ತಿ? ಅಣ್ಣನ್ನ ಕೇಳು.”

ಸಾಬರು ಜೇಬಿನಿಂದ ಫೋನ್ ತೆಗೆದರು. ಮಗನ ನಂಬರ್ ಒತ್ತಿದರು.

“ಹಲೋ ಅಪ್ಪಾ! ಏನಾತು? ಅವ್ವ ಆರಾಮ ಅದಾಳಿಲ್ಲೋ?” ಯೂನುಸ ಗಾಬರಿಯಾಗಿದ್ದ. ಅಪ್ಪ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.